ಹವಾಯಿ ಚಪ್ಪಲಿಯ ಫ್ಲಿಪ್ಪರ್, ಆರು ಲಕ್ಷದ ಮಷೀನು

1.
ಮೊದಲ ನಾಲ್ಕು ಫೋಟೊ ನಾನು ತೆಗೆದದ್ದಲ್ಲ. ಶಿಕಾಗೋ ಹತ್ತಿರ ಕೆಲಸದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಕಳಿಸಿದ್ದು. ಅಲ್ಲಿ ಪಿನ್‌ಬಾಲ್ ಎಕ್ಸ್‌ಪೋ ಅಂತ ಒಂದು ನಡೀತದೆ. ಶುರುವಾದದ್ದು 1985ರಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳು, ಈಗೀಗ ಶಾಂಬರ್ಗ್ ಅನ್ನೋ ಊರಿನ ದೊಡ್ಡ ಹಾಲ್‌ನಲ್ಲಿ. ಹುಚ್ಚು ಹಿಡಿದವರ ಜಾತ್ರೆ ಅಂತಲೇ ಇಟ್ಕೊಳ್ಳಿ. ತೇರು ಇಲ್ಲ, ಮಂಡಕ್ಕಿ ಇಲ್ಲ, ಬರೀ ಪಿನ್‌ಬಾಲ್ ಮಷೀನು. ಐದನೇ ಫೋಟೊದಿಂದ ಆಚೆ ಇರೋದೆಲ್ಲ ನಮ್ಮ ಹೊಳನಗದ್ದೆಯದ್ದೇ.

ಪಿನ್‌ಬಾಲ್ ಅಂದ್ರೆ ಎಂತ ಅಂತ ಕೇಳುವವರಿಗೆ: ಗಾಜಿನ ಕೆಳಗೆ ಓರೆಯಾಗಿ ಇಟ್ಟ ಹಲಗೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲೆ ಹೋಗಿ ಅಲ್ಲಿ ಇಲ್ಲಿ ಬಡಿದು ಕೆಳಗೆ ಬರ್ತದೆ. ತಳದಲ್ಲಿ ಎರಡು ಚಿಕ್ಕ ರೆಕ್ಕೆ, ಅವೇ ಫ್ಲಿಪ್ಪರ್. ಗುಂಡು ಮಧ್ಯದ ಸಂದಿಯಲ್ಲಿ ಬೀಳೋ ಮೊದಲು ಅದನ್ನು ಮತ್ತೆ ಮೇಲೆ ಹೊಡೀಬೇಕು. ಶಾಲೆಯ ಲ್ಯಾಬ್‌ನಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದ್ದವರಿಗೆ ಸ್ಪೇಸ್ ಕೆಡೆಟ್ ನೆನಪಿರ್ತದೆ. ಸರ್ ಬರ್ತಾರೆ ಅಂದ ಕೂಡಲೇ ಮುಚ್ಚುತ್ತಿದ್ದ ಆಟ. ಅದೇ ಇದು, ನಿಜವಾದ ಮರದಲ್ಲಿ, ನಿಜವಾದ ಗುಂಡಿನಲ್ಲಿ.

2.
ಅಣ್ಣ ಅಲ್ಲಿಂದ ವಿಡಿಯೊ ಕಾಲ್ ಮಾಡಿದಾಗ ಅಲ್ಲಿ ರಾತ್ರಿ ಎಂಟು, ಇಲ್ಲಿ ಬೆಳಿಗ್ಗೆ ಆರೂವರೆ. ನಾವು ಮೂರು ಜನ ಒಂದು ಫೋನಿಗೆ ಮುಖ ಕೊಟ್ಟು ಕೂತಿದ್ದೆವು.

ಮೊದಲು ತೋರಿಸಿದ್ದು ಹೊಸ ಮಷೀನುಗಳ ಸಾಲು. ಮದುವೆ ಹಾಲಿನ ಲೈಟಿಂಗ್ ಇರ್ತದಲ್ಲ, ಅದನ್ನು ಒಂದು ಮಂಚದಗಲದ ಪೆಟ್ಟಿಗೆಯಲ್ಲಿ ತುಂಬಿದ ಹಾಗೆ. ಪ್ರತಿಯೊಂದಕ್ಕೂ ಒಂದು ಸಿನೆಮಾದ್ದೋ ಬ್ಯಾಂಡಿನದ್ದೋ ಹೆಸರು. ಹಿಂದುಗಡೆ ಟಿವಿಯಂತಹ ಸ್ಕ್ರೀನು, ಅದರಲ್ಲಿ ಸಿನೆಮಾದ ತುಣುಕು ಓಡ್ತಾ ಇರ್ತದೆ. ಸ್ಟರ್ನ್ ಕಂಪನಿಯವರು 2021ರಿಂದ ಮಷೀನನ್ನು ಇಂಟರ್ನೆಟ್ಟಿಗೆ ಜೋಡಿಸಿದ್ದಾರೆ. ಫೋನಿನಲ್ಲಿರೋ ನಿಮ್ಮ ಕ್ಯೂಆರ್ ಕೋಡ್ ತೋರಿಸಿದ್ರೆ ಅಂಕವೆಲ್ಲ ನಿಮ್ಮ ಖಾತೆಗೆ. ಬೆಲೆ ಕೇಳಿ: ಅವರ ಕಡಿಮೆ ಬೆಲೆಯ ಒಂದು ಮಾದರಿಗೇ ಸುಮಾರು 7 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ ಆರು ಲಕ್ಷದ ಆಸುಪಾಸು. ಅದಕ್ಕೆ ಹಡಗಿನ ಬಾಡಿಗೆ ಸೇರಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೇನೆ. ಹೊಸ ಮಷೀನಿನಲ್ಲಿ ನೋಡೋದಕ್ಕೆ ಜಾಸ್ತಿ ಇದೆ, ಅದೇ ಅದರ ತೊಂದರೆ. ಅಣ್ಣ ಆಡುವಾಗ ಸ್ಕ್ರೀನಿನಲ್ಲಿ ಎಂತದೋ ಸ್ಫೋಟ ಆಯ್ತು, ನಾವು ಮೂವರೂ "ಓಹ್" ಅಂದೆವು, ಅಷ್ಟರಲ್ಲಿ ಗುಂಡು ಕೆಳಗೆ. ಮೂರು ಸಲ ಹೀಗೇ. ಗುಂಡಿನ ಆಟದಲ್ಲಿ ಗುಂಡು ಬಿಟ್ಟು ಬೇರೆಲ್ಲ ಕಾಣ್ತದೆ ಅಂದ್ರೆ ಹೇಗೆ ಮಾರಾಯ್ರೆ.

ಆದ್ರೂ ಒಂದು ಮಾತು ಒಪ್ಪಬೇಕು. ಫ್ಲಿಪ್ಪರ್ ಹೊಡೆದಾಗ ಗುಂಡು ಇಳಿಜಾರು ಹತ್ತಿ, ಸುತ್ತಿ, ಇನ್ನೊಂದು ಫ್ಲಿಪ್ಪರಿನ ಮೇಲೆ ಬಂದು ನಿಲ್ಲೋದು, ಅದು ಬೆಣ್ಣೆ. ಅಷ್ಟು ನುಣುಪು ಸುಮ್ಮನೆ ಬರೂದಿಲ್ಲ.

3.
ಆಮೇಲೆ ಹಾಲಿನ ಒಂದು ಮೂಲೆಗೆ ಹೋದ. ಅಲ್ಲಿತ್ತು ನೋಡಿ, ಮನೆಯಲ್ಲಿ ಮಾಡಿದವರ ಸಾಲು. (ಮೂರನೇ ಮತ್ತು ನಾಲ್ಕನೇ ಫೋಟೊ.)

ಬಣ್ಣವೇ ಇಲ್ಲದ ಬೋಳು ಪ್ಲೈವುಡ್. ಇದಕ್ಕೆ ಅವರು ವೈಟ್‌ವುಡ್ ಅಂತಾರೆ. ಪೆನ್ಸಿಲ್ ಗೆರೆ, ಅಳಿಸಿದ ಗುರುತು, ಮೊದಲು ಕೊರೆದು ಆಮೇಲೆ ಮುಚ್ಚಿದ ತೂತು ಎಲ್ಲ ಹಾಗೇ ಕಾಣ್ತಾ ಇತ್ತು. ಒಂದು ಮಷೀನಿನ ಮೇಲೆ ಚೀಟಿ ಅಂಟಿಸಿದ್ರು: ಎಡದ ಫ್ಲಿಪ್ಪರ್ ಬಿಸಿಯಾದರೆ ಐದು ನಿಮಿಷ ಬಿಡಿ. ನನಗೆ ಇಡೀ ಎಕ್ಸ್‌ಪೋದಲ್ಲಿ ಹೆಚ್ಚು ಇಷ್ಟವಾದದ್ದು ಆ ಚೀಟಿ.

ಬಿಸಿ ಎಂತಕೆ ಆಗ್ತದೆ ಅಂದ್ರೆ, ಫ್ಲಿಪ್ಪರಿನ ಹಿಂದೆ ಇರೋದು ತಾಮ್ರದ ತಂತಿಯ ಕಾಯಿಲ್. ಗುಂಡಿ ಒತ್ತಿದಾಗ ಸುಮಾರು 50 ವೋಲ್ಟ್ ನುಗ್ಗಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೀತದೆ. ಅಷ್ಟೇ ಜೋರಿನ ಕರೆಂಟು ಅದರಲ್ಲೇ ನಿಂತ್ರೆ ಕಾಯಿಲ್ ಸುಟ್ಟು ಹೋಗ್ತದೆ. ಅದಕ್ಕೇ ಕಾಯಿಲ್‌ನಲ್ಲಿ ಎರಡು ಸುತ್ತು. ಒಂದು ಜೋರಾಗಿ ಎಳೆಯೋದಕ್ಕೆ, ಇನ್ನೊಂದು ಮೆಲ್ಲಗೆ ಹಿಡಿದು ನಿಲ್ಲಿಸೋದಕ್ಕೆ. ಒಂದರಿಂದ ಇನ್ನೊಂದಕ್ಕೆ ಬದಲಾಗೋ ಕ್ಷಣ ಸರಿ ಕೂರಿಸೋದೇ ಮನೆಯಲ್ಲಿ ಮಾಡುವವರ ದೊಡ್ಡ ತಲೆನೋವು. ಪಿಯುಸಿಯಲ್ಲಿ ಸೊಲೆನಾಯ್ಡ್ ಅಂತ ಚಿತ್ರ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೆವಲ್ಲ, ಅದೇ ಇದು.

ಮನೆಯಲ್ಲಿ ಮಾಡಿದ್ದು ಅಂದ ಕೂಡಲೇ ಟೈಂಪಾಸ್ ಅಂತ ತಿಳೀಬೇಡಿ. ಕೀತ್ ಎಲ್ವಿನ್ ಅಂತ ಒಬ್ಬ, ಮೊದಲಿಂದ ದೊಡ್ಡ ಆಟಗಾರ. 'ಆರ್ಚರ್' ಅನ್ನೋ ಕಾರ್ಟೂನ್ ಹೆಸರಲ್ಲಿ ಮನೆಯಲ್ಲೇ ಒಂದು ಮಷೀನು ಮಾಡಿದ. ಅದನ್ನು ನೋಡಿ ಸ್ಟರ್ನ್ ಕಂಪನಿ ಅವನನ್ನೇ ಕೆಲಸಕ್ಕೆ ತಗೊಂಡಿತು. ಅದೇ ನಕ್ಷೆ 2018ರಲ್ಲಿ 'ಐರನ್ ಮೇಡನ್' ಮಷೀನಾಗಿ ಬಂತು. ಆಮೇಲೆ 2021ರ 'ಗಾಡ್ಜಿಲ್ಲಾ' ಕೂಡ ಅವನದ್ದೇ. ಸ್ಕಾಟ್ ಡನೇಸಿ ಮನೆಯಲ್ಲಿ ಶುರು ಮಾಡಿದ 'ಟೋಟಲ್ ನ್ಯೂಕ್ಲಿಯರ್ ಅನಾಯಿಲೇಷನ್' ಅನ್ನು 2017ರಲ್ಲಿ ಸ್ಪೂಕಿ ಅನ್ನೋ ಸಣ್ಣ ಕಂಪನಿ ತಂತು. ಅಂದ್ರೆ ನಾನು ಮೇಲೆ ಬೆಣ್ಣೆ ಅಂದೆನಲ್ಲ, ಆ ಬೆಣ್ಣೆಯ ಒಂದಷ್ಟು ಕಡೆದದ್ದು ಇಂಥ ಬೋಳು ಹಲಗೆಯ ಮೇಲೆ. ಈಗ ಮಷೀನು ನಡೆಸೋ ಸಾಫ್ಟ್‌ವೇರ್ ಕೂಡ ಬಿಟ್ಟಿ ಸಿಗ್ತದೆ, ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್ ಅಂತ, ಪೈಥಾನ್‌ನಲ್ಲಿ ಬರೆದದ್ದು. ಡಿಪ್ಲೊಮಾ ಓದ್ತಾ ಇರೋರು ಗಮನಿಸಿ. ಪ್ರಾಜೆಕ್ಟ್ ವಿಷಯ ಇಲ್ಲ ಅಂತ ನನ್ನ ಹತ್ತಿರ ಅಳ್ಬೇಡಿ.

ಎಲ್ಲವೂ ಚೆನ್ನಾಗಿತ್ತಾ ಅಂದ್ರೆ ಇಲ್ಲ. ಎರಡು ಮಷೀನು ಅಣ್ಣನ ಸರದಿ ಬರುವಷ್ಟರಲ್ಲಿ ಬಂದ್ ಬಿದ್ದಿತ್ತು. ಇನ್ನೊಂದರಲ್ಲಿ ಬೊಂಬೆ ಜೋಡಿಸಿದ್ದೇ ಜೋಡಿಸಿದ್ದು, ಗುಂಡು ಹೋಗೋಕೆ ದಾರಿಯೇ ಇಲ್ಲ.

4.
ಈಗ ಐದನೇ ಫೋಟೊ. ನಮ್ಮದು.

ಹಲಗೆ: ಹಳೇ ಕಪಾಟಿನ ಬಾಗಿಲು. ಹಲಸಿನ ಹಲಗೆ ಇತ್ತು, ಆದ್ರೆ ಎತ್ತೋಕೆ ನಾಲ್ಕು ಜನ ಬೇಕು. ಮೊಳೆ: ಹಿತ್ತಾಳೆಯದ್ದೇ. ಕಡ್ಲೆ ಕಡೆಯಿಂದ ಬರೋ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಒಂದು ಮಳೆಗಾಲ ದಾಟೂದಿಲ್ಲ ಅಂತ ಇಲ್ಲಿ ಯಾರಿಗೆ ಹೇಳಿಕೊಡಬೇಕು. ಸ್ಪ್ರಿಂಗ್: ಸೈಕಲ್ ಸ್ಟ್ಯಾಂಡಿನದ್ದು. ಫ್ಲಿಪ್ಪರ್: ಮರದ ಎರಡು ತುಂಡು, ಬೋಲ್ಟ್ ಮೇಲೆ ತಿರುಗ್ತದೆ, ಅಂಚಿಗೆ ಹವಾಯಿ ಚಪ್ಪಲಿಯ ರಬ್ಬರ್. ಕಾಯಿಲ್ ಇಲ್ಲ, ಕರೆಂಟೇ ಇಲ್ಲ. ಹಲಗೆಯ ಅಡಿಯಿಂದ ತಂಗೂಸಿ ಎಳೆದು ಎರಡು ಬದಿಯ ಹಿಡಿಕೆಗೆ ಕಟ್ಟಿದ್ದು. ಹಿಡಿಕೆ ಎಳೆದ್ರೆ ರೆಕ್ಕೆ ಏಳ್ತದೆ, ಬಿಟ್ರೆ ಸೈಕಲ್ ಟ್ಯೂಬಿನ ಪಟ್ಟಿ ಅದನ್ನು ವಾಪಸ್ ತರ್ತದೆ. ಗಾಳಕ್ಕೆ ಬಳಸೋ ಅದೇ ತಂಗೂಸಿ. ಮೀನಿನ ಎಳೆತ ತಡೆದದ್ದು ನಮ್ಮ ಬೆರಳಿನ ಎಳೆತ ತಡೀತದೆ.

ಗುಂಡು: ಗೋಲಿ. ನಿಜವಾದ ಪಿನ್‌ಬಾಲ್ ಗುಂಡು 27 ಮಿಲಿಮೀಟರ್, 80 ಗ್ರಾಂ. ನಮ್ಮ ಗೋಲಿ ಐದು ಗ್ರಾಂ ಚಿಲ್ಲರೆ. ಗ್ಯಾರೇಜಿನವರು ಹಳೇ ಬೇರಿಂಗಿನ ಗುಂಡು ಕೊಟ್ಟಿದ್ದಾರೆ, ಆದ್ರೆ ಅದನ್ನು ಮೇಲೆ ಹೊಡೆಯೋದಕ್ಕೆ ಬೆರಳಿನ ಬಲ ಸಾಲದು. ಗೋಲಿಗೆ ತಂಗೂಸಿ ಸಾಕು.

ಇಳಿಜಾರು: ಮಷೀನುಗಳಿಗೆ ಸುಮಾರು ಆರೂವರೆ ಡಿಗ್ರಿ ಇಡ್ತಾರೆ. ಒಂದು ಮೀಟರ್ ಉದ್ದದ ಹಲಗೆಗೆ ಹಿಂದುಗಡೆ 11 ಸೆಂಟಿಮೀಟರ್ ಚಿಲ್ಲರೆ ಎತ್ತರ. ಟ್ಯಾನ್ ತೀಟಾ ಮೊದಲ ಸಲ ಎಲ್ಲಿಗೋ ಉಪಯೋಗಕ್ಕೆ ಬಂತು.

ಅಂಕ: ಗೆಜ್ಜೆ. ಏಳು ಗೆಜ್ಜೆ ತಂತಿಯಲ್ಲಿ ನೇತು ಹಾಕಿದ್ದೇವೆ. ಗೋಲಿ ತಾಗಿದ್ರೆ ಝಣ್ ಅಂತದೆ, ಎಣಿಸೋದು ಎದುರಿನವನ ಕೆಲಸ. (ಆಟ ಅಂದ್ರೆ ನಮ್ಮ ಕಡೆ ಯಕ್ಷಗಾನ ತಾನೇ. ಗೆಜ್ಜೆ ಇಲ್ಲದೆ ಆಟ ಹೇಗೆ?)

ಟಿಲ್ಟ್: ದೊಡ್ಡ ಮಷೀನಿನಲ್ಲಿ ಪೆಟ್ಟಿಗೆಯನ್ನು ಜೋರಾಗಿ ಅಲ್ಲಾಡಿಸಿದ್ರೆ ಒಳಗೆ ನೇತಾಡೋ ಲೋಲಕ ಸುತ್ತಲಿನ ಬಳೆಗೆ ತಾಗಿ ಆಟ ನಿಂತು ಹೋಗ್ತದೆ. ನಮ್ಮಲ್ಲಿ ಟಿಲ್ಟ್ ಅಂದ್ರೆ ಅಜ್ಜಿ. ಹಲಗೆ ಕುಟ್ಟಿದ ಶಬ್ದ ಕೇಳಿದ್ರೆ ಒಳಗಿಂದ ಒಂದು ಕೂಗು, ಆಟ ಬಂದ್.

5.
ಈ ಫ್ಲಿಪ್ಪರ್ ಮೊದಲಿಂದ ಇರಲಿಲ್ಲ. ಇದು ಗೊತ್ತಾದ ಮೇಲೆ ನನಗೆ ಇಡೀ ವಿಷಯ ಬೇರೆ ಥರ ಕಾಣ್ತು.

1871ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಅನ್ನುವವನು ಸ್ಪ್ರಿಂಗ್ ಎಳೆದು ಬಿಡೋ ವ್ಯವಸ್ಥೆಗೆ ಪೇಟೆಂಟ್ ಪಡೆದ. 1931ರಲ್ಲಿ ಗಾಟ್‌ಲೀಬ್ ಕಂಪನಿಯ 'ಬ್ಯಾಫಲ್ ಬಾಲ್' ಬಂತು, ಅಮೆರಿಕದ ಅಂಗಡಿ ಅಂಗಡಿಯಲ್ಲಿ ಕೂತಿತು. ಅದರಲ್ಲೂ ಬರೀ ಮೊಳೆ ಮತ್ತು ಕುಳಿ. ಗುಂಡು ಬಿಟ್ಟ ಮೇಲೆ ಕೈಕಟ್ಟಿ ನೋಡೋದಷ್ಟೇ, ಹೆಚ್ಚೆಂದ್ರೆ ಪೆಟ್ಟಿಗೆ ತಳ್ಳಬಹುದು. ಹಾಗಾಗಿ ಜುಗಾರಿ ಆಯ್ತು. 1942ರಲ್ಲಿ ನ್ಯೂಯಾರ್ಕ್ ನಗರ ನಿಷೇಧ ಮಾಡಿತು. ಅಲ್ಲಿನ ಮೇಯರ್ ಲಾ ಗಾರ್ಡಿಯಾ ಸುತ್ತಿಗೆ ಹಿಡಿದು ಮಷೀನು ಒಡೆಯೋ ಫೋಟೊ ಹುಡುಕಿ ನೋಡಿ, ಮಜಾ ಇದೆ.

ಫ್ಲಿಪ್ಪರ್ ಬಂದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಹ್ಯಾರಿ ಮ್ಯಾಬ್ಸ್ ಮಾಡಿದ 'ಹಂಪ್ಟಿ ಡಂಪ್ಟಿ' ಮಷೀನಿನಲ್ಲಿ ಆರು ಫ್ಲಿಪ್ಪರ್ ಇತ್ತು. ಅಲ್ಲಿಂದ ಮುಂದೆ, ಬೀಳ್ತಾ ಇರೋ ಗುಂಡಿಗೆ ನೀವು ಉತ್ತರ ಕೊಡಬಹುದು.

ಆದ್ರೂ ನ್ಯೂಯಾರ್ಕ್ ನಿಷೇಧ ತೆಗೀಲಿಲ್ಲ. 1976ರಲ್ಲಿ ರೋಜರ್ ಶಾರ್ಪ್ ಅನ್ನೋ ಬರಹಗಾರ ನಗರ ಸಭೆಯವರ ಎದುರು ಆಡಿ ತೋರಿಸಬೇಕಾಯ್ತು. ಕೊನೆಗೆ ಅವನು, ಈಗ ಗುಂಡು ಮೇಲಿನ ಮಧ್ಯದ ದಾರಿಯಿಂದಲೇ ಇಳೀತದೆ ಅಂತ ಮೊದಲೇ ಹೇಳಿ ಸ್ಪ್ರಿಂಗ್ ಎಳೆದು ಬಿಟ್ಟ. ಹೇಳಿದಲ್ಲೇ ಇಳೀತು. ನಿಷೇಧ ಹೋಯ್ತು. ಇದರ ಬಗ್ಗೆ 2022ರಲ್ಲಿ ಒಂದು ಸಿನೆಮಾ ಕೂಡ ಬಂದಿದೆ.

6.
ಇಷ್ಟುದ್ದ ಬರೆಯೋದಕ್ಕೆ ಕಾರಣ ಇದು. ಇಲ್ಲಿಂದ ಸ್ವಲ್ಪ ನಿಧಾನ ಓದಿ.

ನಮ್ಮ ಕಡೆಯ ಜಾತ್ರೆಗಳಲ್ಲಿ ರಿಂಗ್ ಹಾಕೋ ಅಂಗಡಿ, ಬಲೂನ್ ಹೊಡೆಯೋ ಅಂಗಡಿ ಪಕ್ಕ ಒಮ್ಮೊಮ್ಮೆ ಮೊಳೆ ಹೊಡೆದ ಹಲಗೆ ಇಟ್ಕೊಂಡು ಒಬ್ಬರು ಕೂತಿರ್ತಾರೆ. ಗೋಲಿ ಬಿಡೋದು, ಬಿದ್ದ ಖಾನೆಯ ಬಹುಮಾನ ತಗೊಳ್ಳೋದು. ಗರಗರ ಮಂಡಲದ ತಮ್ಮ ಅಂತ ಹೇಳಬಹುದು. ಹಲಗೆಯ ಒಂದು ಕಾಲಿನ ಅಡಿಗೆ ತೆಳು ಚಕ್ಕೆ ಇಟ್ಟರೂ ಸಾಕು, ಗೋಲಿ ಬೇಕಾದ ಬದಿಗೆ ವಾಲ್ತದೆ. ಆದ್ರೆ ಬಗ್ಗಿ ನೋಡಿದ್ರೆ ಆ ಚಕ್ಕೆ ಕಾಣ್ತದೆ. ಹಲಗೆಯ ಮೋಸಕ್ಕೆ ಅಷ್ಟಾದ್ರೂ ಮರ್ಯಾದೆ ಇದೆ.

ಅದೇ ಹಲಗೆ ಈಗ ಫೋನಿನೊಳಗೆ ಬಂದಿದೆ. ಪ್ಲಿಂಕೋ. ಮೇಲಿಂದ ಗುಂಡು ಬೀಳ್ತದೆ, ಮೊಳೆಗೆ ಬಡೀತಾ ಬಡೀತಾ ಕೆಳಗೆ ಬಂದು ಒಂದು ಖಾನೆಯಲ್ಲಿ ಕೂರ್ತದೆ. ತುದಿಯ ಖಾನೆಯಲ್ಲಿ ನೂರು ಪಟ್ಟು, ಮಧ್ಯದಲ್ಲಿ ಹಾಕಿದ್ದರಲ್ಲಿ ಅರ್ಧ, ಹೀಗೆ ಎಂತದೋ ಬರೆದಿರ್ತದೆ. ನಮ್ಮ ಜೊತೆ ಓದೋ ಒಬ್ಬ (ಅವನ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಹೆಸರು ಕೇಳ್ಬೇಡಿ) ಪರೀಕ್ಷೆ ಫೀ ಕಟ್ಟೋಕೆ ಮನೆಯಲ್ಲಿ ಕೊಟ್ಟ ದುಡ್ಡನ್ನು ಒಂದೇ ಸಂಜೆ ಅದರಲ್ಲಿ ಕಳೆದ. ಕಟ್ಟೋ ಕೊನೇ ದಿನ ಹತ್ತಿರ ಬಂದಾಗ ನಮ್ಮ ಹತ್ತಿರ ಬಂದು ಹೇಳಿದ. ಅಷ್ಟಾದ ಮೇಲೂ ಅವನ ಬಾಯಲ್ಲಿ ಬಂದ ಮಾತು: "ಎರಡು ಸಲ ಬಾಳ ಹತ್ರ ಬಂದಿತ್ತು ಮಾರಾಯ. ಒಂದು ಮೊಳೆ ಆಚೆ ಬಡಿದಿದ್ರೆ ಎಲ್ಲಾ ವಾಪಸ್ ಬರ್ತಿತ್ತು."

ಆ ಮಾತೇ ನನಗೆ ತಲೆಯಿಂದ ಹೋಗ್ತಾ ಇಲ್ಲ. ಯಾಕಂದ್ರೆ ಅಲ್ಲಿ ಮೊಳೆ ಇಲ್ಲ. ಗುಂಡೂ ಇಲ್ಲ. ಇಂಥ ಆಟಗಳಲ್ಲಿ ನೀವು ಒತ್ತಿದ ಕೂಡಲೇ ಸರ್ವರ್ ಒಂದು ಸಂಖ್ಯೆ ಆರಿಸಿ ಮುಗಿದಿರ್ತದೆ. ಗುಂಡು ಬೀಳೋದು ಆ ಸಂಖ್ಯೆಗೆ ಆಮೇಲೆ ಬರೆದ ಚಿತ್ರ. "ಹತ್ರ ಬಂದಿತ್ತು" ಅನ್ನೋದಕ್ಕೆ ಅಲ್ಲಿ ಅರ್ಥವೇ ಇಲ್ಲ.

ಸರ್ವರ್ ಪ್ರಾಮಾಣಿಕ ಅಂತಲೇ ಇಟ್ಕೊಳ್ಳುವ. ಆಗಲೂ ಲೆಕ್ಕ ಹೀಗೆ. ಹತ್ತು ಸಾಲು ಮೊಳೆ. ಪ್ರತಿ ಸಾಲಿನಲ್ಲೂ ಎಡ ಅಥವಾ ಬಲ, ಸಮ ಸಮ. ಒಟ್ಟು ದಾರಿ 1024. ತೀರಾ ಎಡದ ಖಾನೆಗೆ ಹೋಗೋ ದಾರಿ ಒಂದೇ ಒಂದು. ತೀರಾ ಬಲಕ್ಕೂ ಒಂದೇ. ನಟ್ಟನಡುವಿನ ಖಾನೆಗೆ 252. ನಡುವಿನ ಮೂರು ಖಾನೆ ಸೇರಿಸಿದ್ರೆ 672, ಅಂದ್ರೆ ಮೂರರಲ್ಲಿ ಎರಡು ಸಲ ಗುಂಡು ಅಲ್ಲೇ. ಹತ್ತು ರೂಪಾಯಿ ಹಾಕಿದವನಿಗೆ ತುದಿಯಲ್ಲಿ ಸಾವಿರ ಕಾದಿದೆ ಅಂತ ಅವರು ತೋರಿಸ್ತಾರೆ. ಎರಡು ತುದಿ ಸೇರಿ ಸರಾಸರಿ 512 ಸಲಕ್ಕೆ ಒಮ್ಮೆ ಅದು ಸಿಗೋದು. ಅಷ್ಟರಲ್ಲಿ ನೀವು ಹಾಕಿದ್ದು 5120 ರೂಪಾಯಿ. ಉಳಿದ 511 ಸಲದಲ್ಲಿ ಹೆಚ್ಚಿನವು ನಡುವೆ ಬಿದ್ದು, ಹತ್ತು ಹಾಕಿದ್ರೆ ಐದು ವಾಪಸ್. ಇದು ಪಿಯುಸಿಯ ಬೈನಾಮಿಯಲ್, ಬೇರೇನಲ್ಲ. ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದಲ್ಲಿ ಇದನ್ನು ತೋರಿಸೋದಕ್ಕೇ ಒಂದು ಮೊಳೆ ಹಲಗೆ ಮಾಡಿದ್ದ. ಬೆಟ್ಟಿಂಗಿಗೆ ಅಲ್ಲ, ಪಾಠಕ್ಕೆ.

7.
ಕಾನೂನಿನ ವಿಷಯ ಕಡಿಮೆಯಲ್ಲಿ ಹೇಳಿ ಮುಗಿಸ್ತೇನೆ. ಶಾರ್ಪ್ ನ್ಯೂಯಾರ್ಕಿನಲ್ಲಿ ಎದುರಿಸಿದ ಪ್ರಶ್ನೆಯನ್ನೇ ನಮ್ಮ ಕೋರ್ಟುಗಳೂ ಕೇಳ್ತಾ ಬಂದಿವೆ: ಕೌಶಲವಾ, ಅದೃಷ್ಟವಾ? ರಮ್ಮಿಯಲ್ಲಿ ಮುಖ್ಯವಾಗಿ ಕೌಶಲ ಇದೆ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ದುಡ್ಡಿನ ಆನ್‌ಲೈನ್ ಆಟಕ್ಕೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎರಡನ್ನೂ ನೋಡದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸೋ ಕಾಯ್ದೆ ಪಾಸ್ ಮಾಡಿತು. ಆದ್ರೂ ಲಿಂಕುಗಳು ನಮ್ಮ ಗ್ರೂಪುಗಳಲ್ಲಿ ತಿರುಗ್ತಾನೇ ಇವೆ. ಯಾರು ಹಾಕ್ತಾರೆ ಅಂತ ನಿಮಗೂ ಗೊತ್ತು.

ನನ್ನ ವಾದ ಕಾನೂನಿನದ್ದಲ್ಲ. ಕೈಯದ್ದು. ಗುಂಡು ಬೀಳ್ತಾ ಇರುವಾಗ ನನ್ನ ಕೈಗೆ ಎಂತಾದ್ರೂ ಕೆಲಸ ಇದೆಯಾ? ಫ್ಲಿಪ್ಪರ್ ಇದ್ರೆ ಇದೆ. ಇಲ್ಲದಿದ್ರೆ ನಾನು ಆಡ್ತಾ ಇಲ್ಲ, ನನ್ನನ್ನು ಆಡಿಸ್ತಾ ಇದ್ದಾರೆ. ಹೊಸ ಮಷೀನಿನ ಲೈಟು ನನಗೆ ಜಾಸ್ತಿ ಅನಿಸಿದ್ರೂ ಅದನ್ನು ನಾನು ಪ್ಲಿಂಕೋ ಪಕ್ಕ ನಿಲ್ಲಿಸೂದಿಲ್ಲ. ಅದರಲ್ಲಿ ಗುಂಡು ನಿಜ, ಫ್ಲಿಪ್ಪರ್ ನಿಜ. ಪೂರ್ತಿ ಸಾಚಾ ಅಂತಲೂ ಅಲ್ಲ. ಆಟ ಮುಗಿದ ಮೇಲೆ ಒಂದು ಸಂಖ್ಯೆ ಹೊಂದಿಕೆಯಾದ್ರೆ ಇನ್ನೊಂದು ಆಟ ಬಿಟ್ಟಿ ಅಂತ ಬರ್ತದೆ. ಅದು ಎಷ್ಟು ಸಲಕ್ಕೊಮ್ಮೆ ಬರಬೇಕು ಅಂತ ಮಷೀನಿನ ಮಾಲೀಕ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಆದ್ರೆ ಅಲ್ಲಿ ಹೋಗೋದು ಒಂದು ಆಟ, ಪರೀಕ್ಷೆ ಫೀ ಅಲ್ಲ.

ಮನೆಯಲ್ಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಮೇಲೆ ಅನಿಸೋದೂ ಇದಕ್ಕೇ. ಮೊಳೆ ಎಲ್ಲಿದೆ ಅಂತ ಗೊತ್ತು, ನಾವೇ ಹೊಡೆದದ್ದು. ಗೋಲಿ ಸುಮ್ಮನೆ ಎಡಕ್ಕೇ ವಾಲ್ತಾ ಇದ್ರೆ ಹಲಗೆ ಎತ್ತಿ ಅಡಿಗೆ ನೋಡ್ತೇವೆ. ಹತ್ರ ಬಂದಿತ್ತು ಅಂದ್ರೆ ನಿಜವಾಗಿ ಹತ್ರ ಬಂದಿರ್ತದೆ, ಬೆರಳಿಟ್ಟು ಅಳೀಬಹುದು.

8.
ಫೀ ಕಳೆದವನು ಈಗ ವಾರಕ್ಕೆ ಮೂರು ಸಲ ನಮ್ಮ ಜಗುಲಿಗೆ ಬರ್ತಾನೆ. ಫೀ ನಾವೆಲ್ಲ ಸೇರಿಸಿ ಕಟ್ಟಿದ್ದೇವೆ. ರಜೆಯಲ್ಲಿ ಕೆಲಸ ಮಾಡಿ ಕೊಡ್ತಾನಂತೆ, ಸದ್ಯ ನಾವು ಕೇಳ್ತಾ ಇಲ್ಲ. ಅವನ ಆಪ್ ಬಿಟ್ಟು ಹೋಗಿದೆಯಾ ಅಂತ ನಾನು ಪ್ರಮಾಣ ಮಾಡಿ ಹೇಳೂದಿಲ್ಲ. ಹಲಗೆ ಆಡಿದ್ರೆ ಚಟ ಹೋಗ್ತದೆ ಅಂತ ಹೇಳೋ ಡಾಕ್ಟರ್ ನಾನಲ್ಲ. ಆದ್ರೆ ನಮ್ಮ ಹಲಗೆಯಲ್ಲಿ ಅತಿ ಹೆಚ್ಚು ಗೆಜ್ಜೆ ಹೊಡೆದದ್ದು ಅವನೇ: ಒಂದೇ ಗೋಲಿಗೆ 31. ಎಣಿಸಿದ್ದು ನಾನು. ಹತ್ತನೇ ಫೋಟೊದಲ್ಲಿ ಕೈ ಮಾತ್ರ ಕಾಣೋದು ಅವನದ್ದು.

9.
ಕಮೆಂಟಿನಲ್ಲಿ ಕೇಳಿದವರಿಗೆ.

"ಆಪ್ ಮಾಡು, ಡೌನ್‌ಲೋಡ್ ಮಾಡ್ತೇವೆ." ಇಲ್ಲ. ಬಂದು ಆಡಿ.

"ಮಾಡೋಕೆ ಎಷ್ಟು ಖರ್ಚು?" ಹಿತ್ತಾಳೆ ಮೊಳೆಗೆ ಮಾತ್ರ ದುಡ್ಡು ಕೊಟ್ಟದ್ದು. ಉಳಿದದ್ದೆಲ್ಲ ಯಾರದ್ದೋ ಮನೆಯ ಅಟ್ಟದಿಂದ ಬಂದದ್ದು.

"ಗಾಜು ಹಾಕಿಲ್ವಾ?" ಹಾಕಿಲ್ಲ. ಗೋಲಿ ಹಾರಿದ್ರೆ ಹಿಡೀಬೇಕು, ಅದಕ್ಕೂ ಎರಡು ಗೆಜ್ಜೆ ಕೊಡ್ತೇವೆ.

"ಕುಮಟೆಯಿಂದ ಬಂದ್ರೆ ಆಡೋಕೆ ಬಿಡ್ತೀರಾ?" ಭಾನುವಾರ ಮಧ್ಯಾಹ್ನ ಮೇಲೆ. ಅಜ್ಜಿ ಮಲಗಿರೋ ಹೊತ್ತು ಬೇಡ, ಮೂರೂವರೆ ಆಗಲಿ.

ಬರುವವರು ಒಂದು ಉಪಕಾರ ಮಾಡಿ. ಎಡದ ಫ್ಲಿಪ್ಪರಿನ ರಬ್ಬರ್ ಸವೆದಿದೆ. ಹಳೇ ಹವಾಯಿ ಚಪ್ಪಲಿ ಇದ್ರೆ ತನ್ನಿ, ಹಿಮ್ಮಡಿ ಕಡೆ ದಪ್ಪ ಇರೋದು. ಒಂದೇ ಕಾಲಿನದ್ದಾದರೂ ನಡೀತದೆ.

#ಹೊಳನಗದ್ದೆ #ಕುಮಟಾ #ಪಿನ್‌ಬಾಲ್ #ಗೋಲಿಹಲಗೆ